ಕೇಳುವ ಕೆಲಸ

ನನ್ನ ಕೆಲಸ ಕೇಳುವುದು.
ಅರ್ಗಾದ ಜೆಟ್ಟಿ ಬಿಟ್ಟು, ಅಲೆತಡೆ ದಾಟಿ,
ಅಂಜುದೀವ್ ಬೆನ್ನಿಗೆ ಬಿದ್ದ ಮೇಲೆ
ಹೆಡ್‌ಫೋನ್ ಏರಿಸಿ ನಾಲ್ಕು ತಾಸು
ನೀರೊಳಗೆ ಕಿವಿಯಿಟ್ಟು ಕೂರುವುದು.

ಕಡಲ ತಳ ಮೌನ ಎಂದವರು ಕೇಳಿದವರಲ್ಲ.
ಸಿಗಡಿಗಳು ಚಟಚಟ,
ಕಾದ ಎಣ್ಣೆಗೆ ಬಿದ್ದ ಸಾಸಿವೆ, ಹಗಲೂ ರಾತ್ರಿ.
ಆಚೆ ಡಾಲ್ಫಿನ್ನು, ಎಣ್ಣೆ ಕಾಣದ ಕದದ ಕೀಲು.
ಬೈತಖೋಲದ ಯಾವುದೋ ಒಂದು ಬೋಟು,
ಅದರ ಇಂಜಿನ್ನಿಗೆ ಕೆಮ್ಮು.
ಮೂರು ವರ್ಷದಿಂದ ಆ ಕೆಮ್ಮು ಗೊತ್ತು ನನಗೆ,
ಮಾಲಕನ ಮುಖ ಗೊತ್ತಿಲ್ಲ.

ಉಸಿರು ಒಳಗೆ, ಉಸಿರು ಹೊರಗೆ.
ಕಲಬುರಗಿಯ ವಿಹಾರದಲ್ಲಿ ಭಂತೇಜಿ ಕಲಿಸಿದ್ದೂ ಇಷ್ಟೇ:
ಬಂದದ್ದಕ್ಕೆ ಬಂತು ಅನ್ನು, ಹೋದದ್ದಕ್ಕೆ ಹೋಯಿತು ಅನ್ನು,
ಹೆಸರಿಡು, ಬೆನ್ನು ಹತ್ತಬೇಡ.
ಇಲ್ಲಿ ಹೆಸರಿಟ್ಟ ಕೂಡಲೇ
ನನ್ನ ಬಾಯಿಂದ ಅದು ಮೇಲೆ ಹೋಗುತ್ತದೆ
ದಿಕ್ಕಾಗಿ, ದೂರವಾಗಿ, ವೇಗವಾಗಿ.
ಮೇಲೆ ಒಬ್ಬನ ಬೆರಳು ಕಾಯುತ್ತಿರುತ್ತದೆ.

ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಫೋಟೊ.
ಪಲ್ಟನ್ನಿನ ಬೂಟು ಹಾಕಿ ನಿಂತ ಅಜ್ಜ ಲಚ್ಚಪ್ಪ,
ಪಕ್ಕಕ್ಕೆ ಕಣ್ಣು ಮುಚ್ಚಿದ ಬುದ್ಧ.
ಐವತ್ತಾರರಲ್ಲಿ ರಜೆ ಹಾಕಿ ನಾಗಪುರಕ್ಕೆ ಹೋಗಿದ್ದನಂತೆ.
“ತಿರುಗಿ ಬಂದು, ಬೂಟ್ ಹಾಕ್ಕೊಂಡು, ಚಾವಡಿ ಮುಂದ ನಡದೆ.
ಒಬ್ಬ ಮಗಾನೂ ಪಿಟ್ಟೆನ್ನಲಿಲ್ಲ.”
ಬುದ್ಧನೂ ಬೂಟೂ ಒಂದೇ ಟ್ರಂಕಿನಲ್ಲಿ ಊರಿಗೆ ಬಂದವು.
ಒಂದನ್ನು ಬಿಡು ಎಂದರೆ ಯಾವುದನ್ನು ಬಿಡಲಿ?
ಕೇಳುವವರು ಸುಲಭವಾಗಿ ಕೇಳುತ್ತಾರೆ,
ಅವರ ಅಜ್ಜಂದಿರು ಚಪ್ಪಲಿ ಕೈಯಲ್ಲಿ ಹಿಡಿದು
ಓಣಿ ದಾಟಿದವರಲ್ಲ.

ಹದಿನಾಲ್ಕು ವರ್ಷ. ಯಾರನ್ನೂ ಕೊಂದಿಲ್ಲ, ಲೆಕ್ಕ ಸಾಫ್.
ಹೀಗೆಂದು ಹೆಂಡತಿಗೆ ಹೇಳಿದ್ದೇನೆ, ಭಂತೇಜಿಗೂ.
ಅವರು ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು,
“ಚೇತನಾ” ಅಂದರು.
ಮನಸ್ಸು ಎತ್ತ ವಾಲಿತೋ ಕರ್ಮ ಅತ್ತ.
ಮತ್ತೇನೂ ಹೇಳಲಿಲ್ಲ. ಬಸ್ಸಿತ್ತು ಅವರಿಗೆ.

ಅವರಿಗೂ ಹೇಳದೆ ಉಳಿಸಿಕೊಂಡದ್ದು ಒಂದಿದೆ.
ಹೋದ ಜನವರಿ, ಅಭ್ಯಾಸದ ದಿನ.
ನಾನೇ ಹಿಡಿದ ಸದ್ದು, ನಾನೇ ಕೊಟ್ಟ ದಿಕ್ಕು.
ಸಿಡಿತಲೆ ಇಲ್ಲದ ಟಾರ್ಪೆಡೊ, ಕಿತ್ತಳೆ ಬಣ್ಣದ ಮೂತಿ,
ಓಡಿತು, ಗುರಿಯ ಹೊಟ್ಟೆಯಡಿ ಹಾದು
ದೂರದಲ್ಲಿ ಎದ್ದು ತೇಲಿತು, ಜಾತ್ರೆಯಲ್ಲಿ ಕಳೆದ ಆಟಿಕೆ.
ಎಲ್ಲರೂ ಚಪ್ಪಾಳೆ ತಟ್ಟಿದರು.
ನಾನೂ,
ಅಂಗೈ ಬಿಸಿಯಾಗುವಷ್ಟು.
ಗುರಿಯಾಗಿ ನಿಂತದ್ದು ನಮ್ಮದೇ ಹಡಗು.
ಅದರ ಅಡುಗೆಮನೆಯಲ್ಲಿ ನನ್ನ ಬ್ಯಾಚಿನ ಪಾಂಡು ಹರಿಕಂತ್ರ
ಆ ಹೊತ್ತಿಗೆ ಪೂರಿ ಕರಿಯುತ್ತಿದ್ದನಂತೆ.
ಸಂಜೆ ಜೆಟ್ಟಿಯಲ್ಲಿ ಸಿಕ್ಕು, “ಏನೋ, ಮುಳುಗಿಸಿದ್ಯಂತೆ ನನ್ನ” ಎಂದು ನಕ್ಕ.
ನಾನು ನಗಲು ತಡವಾಯಿತು.

ಅಂದು ರಾತ್ರಿ ಶೀಲ ಹೇಳಲು ಕೂತರೆ
ಮೊದಲನೆಯದು ಬಾಯಿಗೆ ಬರಲಿಲ್ಲ.
ಎರಡನೆಯದರಿಂದ ಶುರು ಮಾಡಿದೆ:
ಕೊಡದದ್ದನ್ನು ತೆಗೆದುಕೊಳ್ಳುವುದಿಲ್ಲ.
ಹೆಂಡತಿಗೆ ಗೊತ್ತಾಯಿತು. ಮೇಣದ ಬತ್ತಿ
ನೆಟ್ಟಗೇ ಇತ್ತು; ಆದರೂ ನೆಟ್ಟಗೆ ಮಾಡಿದಳು.

ಮೊನ್ನೆ ಕತ್ತಲಲ್ಲಿ ಆ ಕೆಮ್ಮು
ಬರಬಾರದ ಗಡಿಯೊಳಗೆ ಬಂದು ನಿಂತುಹೋಯಿತು.
ಬರೀ ನೀರು ಬಡಿಯುವ ಮರದ ಸದ್ದು.
ಮೇಲಿನಿಂದ ಪ್ರಶ್ನೆ: ಏನದು?
ಒಂದು ಉಸಿರು ಒಳಗೆ, ಒಂದು ಹೊರಗೆ,
ಇನ್ನೊಂದು.
“ಮೀನಿನ ಬೋಟು, ಸರ್. ಇಂಜಿನ್ ಕೆಟ್ಟಿದೆ. ಗುರುತು ನನಗೆ.”
ಇಷ್ಟಕ್ಕೆ ಮೊದಲನೆಯ ಶೀಲ ಮರಳಿ ಬರಲಿಲ್ಲ.
ಬರುತ್ತದೆ ಎಂದೂ ಯಾರೂ ಹೇಳಿಲ್ಲ.
ಸರಿಯಾದ ಹೆಸರು ಹೇಳುವುದು, ಅಷ್ಟು ಮಾತ್ರ
ನನ್ನ ಪಾಲಿಗೆ ಬಿಟ್ಟಿದ್ದಾರೆ.

ಅಮದಳ್ಳಿಯ ಕ್ವಾರ್ಟರ್ಸಿನಲ್ಲಿ ಉತ್ಪಲಾ
ಕಿವಿಯ ಸುತ್ತ ಹೆಡ್‌ಫೋನ್ ಒತ್ತಿದ ಗುರುತನ್ನು
ಬೆರಳಿನಿಂದ ಸುತ್ತು ಬರುತ್ತಾಳೆ.
“ಇವತ್ತು ಏನ್ ಕೇಳ್ತು ಪಪ್ಪಾ?”
“ಸಿಗಡಿ.”
“ಮತ್ತೆ?”
“ಕೆಮ್ಮೋ ಬೋಟು.”
“ಮತ್ತೆ?”
ಕಿಟಕಿಯಾಚೆ ಕಡಲು, ಕಾಣುತ್ತಿಲ್ಲ, ಇದೆ.
“ಇವತ್ತು ಇಷ್ಟೇ.”